ಕೆಲಸ ಹೋದಾಗ ಕೈ ಹಿಡಿಯುವ ವಿಮೆ: ನವೀಕರಿಸಲು ಮರೆತೀರಿ, ಜೋಕೆ!



ಕಳೆದ ತಿಂಗಳು ಊದ್ ಮೇಥಾದಲ್ಲಿ ನಮ್ಮ ಮನೆಯಲ್ಲೇ ಸಂಘದ ನಾಲ್ಕೈದು ಮಂದಿ ಸೇರಿದ್ದರು. ರಾಜ್ಯೋತ್ಸವದ ಮಾತು, ಮಕ್ಕಳ ಕನ್ನಡ ಪಾಠದ ಮಾತು ಎಲ್ಲ ಮುಗಿದು ಎರಡನೇ ಸುತ್ತಿನ ಚಹಾ ಬರುವಾಗ ನಾನೊಂದು ಪ್ರಶ್ನೆ ಹಾಕಿದೆ: "ನಿಮ್ಮ ಐಎಲ್‌ಓಇ ಯಾವ ತಾರೀಕಿಗೆ ಮುಗಿಯುತ್ತದೆ?" ಒಬ್ಬರು, "ಅದೆಲ್ಲ ಕಂಪನಿಯವರೇ ನೋಡಿಕೊಳ್ತಾರೆ" ಎಂದರು. ಇನ್ನೊಬ್ಬರು, "ಒಮ್ಮೆ ಮಾಡಿಸಿದ್ದೇನಲ್ಲ, ಸಾಕಲ್ಲವಾ?" ಎಂದರು. ಮೂರನೆಯವರು ಮೊಬೈಲ್ ತೆಗೆದು ಹುಡುಕಿದರು, ಸಿಗಲಿಲ್ಲ. ಐದು ಜನರಲ್ಲಿ ತಾರೀಕು ಬಾಯಲ್ಲಿ ಇದ್ದದ್ದು ಒಬ್ಬರಿಗೆ ಮಾತ್ರ. ಆ ಒಬ್ಬರು ನಾನೇ! ಅದಕ್ಕೆ ಕಾರಣ ನನ್ನ ಜಾಣತನವಲ್ಲ, ಪೆಟ್ಟು ತಿಂದವನ ನೆನಪು. "ಅದನ್ನೇ ಬರೆದು ಕೊಡಿ, ಈ ಸಲದ ಪತ್ರದಲ್ಲಿ ಹಾಕೋಣ" ಎಂದು ಸಂಪಾದಕರು ಹಿಡಿದುಕೊಂಡರು. ಆದ್ದರಿಂದ ಈ ಬರಹ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ನಿಯಮಗಳು ಆಮೇಲೆ.

2023ರ ಸೆಪ್ಟೆಂಬರ್ ಕೊನೆಯ ವಾರ. ಅಕ್ಟೋಬರ್ 1ರ ನಂತರ ಈ ವಿಮೆ ಇಲ್ಲದವರಿಗೆ 400 ದಿರ್ಹಮ್ ದಂಡ ಎಂದು ಊರೆಲ್ಲ ಸುದ್ದಿ. ನಮ್ಮ ಆಫೀಸಿನ ಪಿಆರ್‌ಓ ಎಲ್ಲರ ಎಮಿರೇಟ್ಸ್ ಐಡಿ ನಂಬರು ಬರೆದುಕೊಂಡು, ತಲೆಗೆ ಇಷ್ಟು ಅಂತ ದುಡ್ಡು ಸೇರಿಸಿ, ಒಂದೇ ದಿನ ಎಲ್ಲರದ್ದೂ ಮಾಡಿಸಿ ಮುಗಿಸಿದರು. ಪುಣ್ಯಾತ್ಮರು ಒಳ್ಳೆಯ ಕೆಲಸವನ್ನೇ ಮಾಡಿದರು. ಆದರೆ ಅಂದಿನಿಂದ ನನ್ನ ತಲೆಯಲ್ಲಿ ಒಂದು ತಪ್ಪು ತಿಳಿವಳಿಕೆ ಕೂತುಬಿಟ್ಟಿತು: ಇದು ಕಂಪನಿಯ ಕೆಲಸ, ಮೆಡಿಕಲ್ ಕಾರ್ಡಿನ ಹಾಗೆ ತಾನಾಗಿ ಮುಂದುವರಿಯುತ್ತದೆ ಎಂದು. ಪ್ರಮಾಣಪತ್ರ ಒಂದು ವರ್ಷದ್ದು, 2024ರ ಸೆಪ್ಟೆಂಬರ್ 25ಕ್ಕೆ ಮುಗಿಯುತ್ತದೆ ಎಂಬುದನ್ನು ನಾನು ಕಣ್ಣಿಟ್ಟು ಓದಿರಲೇ ಇಲ್ಲ. ನೋಂದಾಯಿಸಿದ್ದ ಮೊಬೈಲ್ ನಂಬರೂ ನನ್ನದಲ್ಲ, ಆಫೀಸಿನದು. ಜ್ಞಾಪನೆಯ ಎಸ್‌ಎಂಎಸ್ ಬಂದಿದ್ದರೂ ನನಗಂತೂ ತಲುಪಲಿಲ್ಲ.

ಆ ವರ್ಷ ದಸರಾ ಆಯಿತು, ಊರಿಗೆ ಹೋಗಿ ದೀಪಾವಳಿಯೂ ಆಯಿತು. ಹಿಂದೆ ಬಂದ ಮೇಲೆ ಲಿಫ್ಟಿನಲ್ಲಿ ಸಿಕ್ಕ ಒಬ್ಬರು ಇದರ ಮಾತೆತ್ತಿದಾಗ ಎಚ್ಚರವಾಗಿ, ನವೆಂಬರ್ 12ರಂದು ಹೊಸದಾಗಿ ಮಾಡಿಸಿದೆ. ನಡುವೆ 47 ದಿನ ಖಾಲಿ. "ಮಾಡಿಸಿದ್ದಾಯಿತಲ್ಲ, ಇನ್ನೇನು ಚಿಂತೆ" ಎಂದುಕೊಂಡೆ. ಆ 47 ದಿನಗಳ ಬೆಲೆ ತಿಳಿದದ್ದು ಮುಂದಿನ ಮೇ ತಿಂಗಳಲ್ಲಿ.

2025ರ ಏಪ್ರಿಲ್‌ನಲ್ಲಿ ಕಂಪನಿ ನಮ್ಮ ವಿಭಾಗವನ್ನೇ ಮುಚ್ಚಿತು. ಒಂದು ತಿಂಗಳ ನೋಟಿಸು, ಮೇ 9 ಕೊನೆಯ ದಿನ. ಯಾರದ್ದೂ ತಪ್ಪಿಲ್ಲ, ವ್ಯಾಪಾರ ಇಲ್ಲ ಅಷ್ಟೆ. ಮನೆಯಲ್ಲಿ ಹೇಳಿದಾಗ ನನ್ನಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಮಾರಾಯ್ರೆ, ತಿಂಗಳಿಗೆ ಐದು ದಿರ್ಹಮ್ ಕಟ್ಟುತ್ತೇವಲ್ಲ, ಅದು ಇಂಥದ್ದಕ್ಕೇ ಅಲ್ಲವಾ?" ಎಂದಳು. ಹೌದಲ್ಲ! ಮರುದಿನವೇ ಕಾಗದಪತ್ರ ಹಿಡಿದು ಹತ್ತಿರದ ಒಂದು ಟೈಪಿಂಗ್ ಸೆಂಟರಿಗೆ ಹೋದೆ. ಅಲ್ಲಿ ಕೂತ ಹುಡುಗ ಕಾಸರಗೋಡಿನವ. ನನ್ನ ಹೆಸರು ನೋಡಿ ಕನ್ನಡದಲ್ಲೇ ಮಾತನಾಡಿಸಿದ. ಪರದೆ ನೋಡಿದ, ನನ್ನ ಮುಖ ನೋಡಿದ, ಮತ್ತೆ ಪರದೆ ನೋಡಿದ.

"ಅಣ್ಣಾ, ಇದು ನಡುವೆ ಕಟ್ ಆಗಿದೆಯಲ್ಲ. ಹನ್ನೆರಡು ತಿಂಗಳು ಒಟ್ಟಿಗೆ ಆಗಿರಬೇಕು. ನಿಮ್ಮದು ನವೆಂಬರಿಂದ ಲೆಕ್ಕ. ಆರು ತಿಂಗಳೂ ಆಗಲಿಲ್ಲ."

ಅಷ್ಟೇ. 2023ರಿಂದ ಲೆಕ್ಕ ಹಾಕಿದರೆ ನಾನು ಹತ್ತೊಂಬತ್ತು ತಿಂಗಳಿಗೂ ಹಳೆಯ ಚಂದಾದಾರ. ಆದರೆ ಆ ಖಾಲಿ ದಿನಗಳ ದೆಸೆಯಿಂದ ಎಣಿಕೆ ಮತ್ತೆ ಒಂದರಿಂದ ಶುರುವಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ನನಗೆ ಹೋದದ್ದು ಮಾನವಲ್ಲ, ದುಡ್ಡು. ಆದರೆ ಅಡಿಕೆಯ ಲೆಕ್ಕ ಮಾತ್ರ ಸರಿಯಾಗಿಯೇ ಇತ್ತು.

ಏನಿದು ಐಎಲ್‌ಓಇ?

ಹೊಸದಾಗಿ ಬಂದವರಿಗಾಗಿ ಸ್ವಲ್ಪ ಹಿನ್ನೆಲೆ. ಗಲ್ಫ್‌ನಲ್ಲಿ ಕೆಲಸ ಹೋದರೆ ಗ್ರಾಚ್ಯುಟಿ ಬಿಟ್ಟು ಬೇರೇನೂ ಇಲ್ಲ, ಪೆಟ್ಟಿಗೆ ಕಟ್ಟಿ ವಿಮಾನ ಹತ್ತುವುದೇ ಎನ್ನುವ ಕಾಲವನ್ನು ನಮ್ಮಲ್ಲಿ ಬಹಳ ಮಂದಿ ನೋಡಿದ್ದೇವೆ. 2008-09ರ ಮುಗ್ಗಟ್ಟಿನಲ್ಲಿ ನೋಡಿದೆವು. ಕೊರೋನಾ ಕಾಲದಲ್ಲಿ ಮತ್ತೆ ನೋಡಿದೆವು. 2020ರ ಮೇ 12ರಂದು ವಂದೇ ಭಾರತ್ ಯೋಜನೆಯಲ್ಲಿ ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಹೊರಟಾಗ, ಅಂಥ ವಿಮಾನಗಳಲ್ಲಿ ಕೆಲಸ ಕಳೆದುಕೊಂಡವರೂ ಊರಿಗೆ ಮರಳಿದ್ದು ನಿಮಗೆ ನೆನಪಿರಬಹುದು.

ಅದಾದ ಮೇಲೆ ಇಲ್ಲಿನ ಸರ್ಕಾರ 2022ರಲ್ಲಿ 13ನೇ ಸಂಖ್ಯೆಯ ಸಂಯುಕ್ತ ಆಜ್ಞಾ-ಕಾನೂನಿನ ಮೂಲಕ ನಿರುದ್ಯೋಗ ವಿಮೆಯನ್ನು ತಂದಿತು. 2023ರ ಜನವರಿ 1ರಿಂದ ಜಾರಿ. ತನ್ನ ಇಚ್ಛೆಯಿಲ್ಲದೆ ಕೆಲಸ ಕಳೆದುಕೊಂಡವರಿಗೆ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಐಎಲ್‌ಓಇ. ಮಾನವ ಸಂಪನ್ಮೂಲ ಸಚಿವಾಲಯದ, ಅಂದರೆ ನಾವು "ಮೊಹ್ರೆ" ಎನ್ನುವ ಕಚೇರಿಯ ಉಸ್ತುವಾರಿಯಲ್ಲಿ, ದುಬೈ ಇನ್ಶೂರೆನ್ಸ್ ಕಂಪನಿಯ ಮುಂದಾಳತ್ವದಲ್ಲಿ ಒಂಬತ್ತು ವಿಮಾ ಕಂಪನಿಗಳು ಸೇರಿ ಇದನ್ನು ನಡೆಸುತ್ತವೆ.

ಖಾಸಗಿ ಕಂಪನಿಯವರು, ಕೇಂದ್ರ ಸರ್ಕಾರದ ನೌಕರರು, ಫ್ರೀ ಝೋನ್‌ನವರು ಎಲ್ಲರಿಗೂ ಕಡ್ಡಾಯ. ತಾವೇ ಬಂಡವಾಳ ಹಾಕಿ ತಮ್ಮದೇ ಸಂಸ್ಥೆಯಲ್ಲಿ ದುಡಿಯುವವರು, ಮನೆಗೆಲಸದವರು, ತಾತ್ಕಾಲಿಕ ಒಪ್ಪಂದದವರು, 18 ವರ್ಷ ತುಂಬದವರು, ಪಿಂಚಣಿ ಪಡೆಯುತ್ತಾ ಹೊಸ ಕೆಲಸಕ್ಕೆ ಸೇರಿದ ನಿವೃತ್ತರು ಇದರಲ್ಲಿ ಬರುವುದಿಲ್ಲ.

ಮುಖ್ಯವಾದ ಮಾತು: ಇದನ್ನು ಮಾಡಿಸುವ, ನವೀಕರಿಸುವ ಹೊಣೆ ನೌಕರನದ್ದೇ ಹೊರತು ಕಂಪನಿಯದ್ದಲ್ಲ. ಕೆಲವು ಕಂಪನಿಗಳು ಸಹಾಯಕ್ಕೆಂದು ಮಾಡಿಸಿ ಕೊಡುತ್ತವೆ. ಕೊಡಲೇಬೇಕೆಂದಿಲ್ಲ. ನಾನು ಎಡವಿದ್ದು ಇಲ್ಲಿಯೇ.

ಕಟ್ಟುವುದೆಷ್ಟು, ಸಿಗುವುದೆಷ್ಟು?

ಎರಡು ವರ್ಗ. ಬೇಸಿಕ್ ಸಂಬಳ 16,000 ದಿರ್ಹಮ್ ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ತಿಂಗಳಿಗೆ 5 ದಿರ್ಹಮ್. ಅದಕ್ಕಿಂತ ಮೇಲಿನವರಿಗೆ ತಿಂಗಳಿಗೆ 10 ದಿರ್ಹಮ್. ಮೇಲೆ ಶೇಕಡಾ 5 ವ್ಯಾಟ್. ಅಂದರೆ ಮೊದಲ ವರ್ಗದವರಿಗೆ ವರ್ಷಕ್ಕೆ 63 ದಿರ್ಹಮ್, ಎರಡನೆಯವರಿಗೆ 126. ಕಟ್ಟಿಸಿಕೊಳ್ಳುವ ಅಂಗಡಿಯವರ ಸೇವಾ ಶುಲ್ಕ ಬೇರೆ.

ಕೆಲಸ ಹೋದರೆ ಹಿಂದಿನ ಆರು ತಿಂಗಳ ಸರಾಸರಿ ಬೇಸಿಕ್‌ನ ಶೇಕಡಾ 60ರಂತೆ, ಒಂದು ಸಲಕ್ಕೆ ಹೆಚ್ಚೆಂದರೆ ಮೂರು ತಿಂಗಳು ಸಿಗುತ್ತದೆ. ತಿಂಗಳಿಗೆ ಮೊದಲ ವರ್ಗಕ್ಕೆ 10,000, ಎರಡನೇ ವರ್ಗಕ್ಕೆ 20,000 ದಿರ್ಹಮ್ ಮಿತಿ. 16,000ದ ಶೇಕಡಾ 60 ಎಂದರೆ 9,600 ಆಗುವುದರಿಂದ ಮೊದಲ ವರ್ಗದವರಿಗೆ ಆ ಮಿತಿ ಅಡ್ಡ ಬರುವುದೇ ಇಲ್ಲ.

ಆದರೆ "ಬೇಸಿಕ್" ಎಂಬ ಶಬ್ದವನ್ನು ಎರಡು ಸಲ ಓದಿ. ನಮ್ಮಲ್ಲಿ ಹಲವರ ಒಪ್ಪಂದದಲ್ಲಿ ಒಟ್ಟು ಸಂಬಳ 9,000 ಇದ್ದರೆ ಬೇಸಿಕ್ 4,500 ಇರುತ್ತದೆ. ಉಳಿದದ್ದು ಮನೆ ಬಾಡಿಗೆ, ಓಡಾಟ, ಇತರೆ. ಅಂಥವರಿಗೆ ಸಿಗುವುದು 9,000ದ ಶೇಕಡಾ 60 ಅಲ್ಲ, 4,500ರ ಶೇಕಡಾ 60. ಅಂದರೆ ತಿಂಗಳಿಗೆ 2,700. ಶೇರಿಂಗ್ ರೂಮಿನಲ್ಲಿ ಇರುವವರಿಗೆ ಅದು ಊಟ ಬಾಡಿಗೆಗೆ ಸಾಕಾದೀತು. ಸಂಸಾರಸ್ಥರಿಗೆ ಬರೇ ಆಸರೆ. ಮನೆಯಲ್ಲಿ ಕೂತು ಲೆಕ್ಕ ಹಾಕುವಾಗ ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ನನ್ನ ಬೇಸಿಕ್ 7,000 ಇತ್ತು. ತಿಂಗಳಿಗೆ 4,200, ಮೂರು ತಿಂಗಳಿಗೆ 12,600. ನನಗೆ ಹೊಸ ಕೆಲಸ ಎರಡು ತಿಂಗಳು ತುಂಬುವುದಕ್ಕೆ ಸ್ವಲ್ಪ ಮೊದಲು ಸಿಕ್ಕಿದ್ದರಿಂದ ಅಷ್ಟೂ ಬರುತ್ತಿರಲಿಲ್ಲ, ಹತ್ತಿರ ಹತ್ತಿರ 8,000 ಬರುತ್ತಿತ್ತು. ಸೆಪ್ಟೆಂಬರಿನಲ್ಲೇ ಕಟ್ಟಬೇಕಿದ್ದ 63 ದಿರ್ಹಮನ್ನು ನವೆಂಬರಿನಲ್ಲಿ ಕಟ್ಟಿದ್ದಕ್ಕೆ ನಾನು ತೆತ್ತ ಬೆಲೆ ಇದು. ಅದು ಮಗಳ ಶಾಲೆಯ ಫೀಸಿನ ದುಡ್ಡಾಗಿತ್ತು. ಕೊನೆಗೆ ನನ್ನಾಕೆ ತನ್ನ ಎರಡು ಬಳೆ ತೆಗೆದುಕೊಟ್ಟಳು. "ಆಮೇಲೆ ಮಾಡಿಸಿಕೊಟ್ಟರಾಯಿತು" ಎಂದಳು. ಇನ್ನೂ ಮಾಡಿಸಿಕೊಟ್ಟಿಲ್ಲ.

ವರ್ಷ ಮುಗಿದಾಗ ಆಗುವುದೇನು?

ಪರಿಹಾರ ಸಿಗಬೇಕಾದರೆ ಕನಿಷ್ಠ 12 ತಿಂಗಳು *ಸತತವಾಗಿ* ವಿಮೆ ಇರಬೇಕು. ಇಡೀ ಯೋಜನೆಯ ಜೀವ ಇರುವುದು ಆ "ಸತತ" ಎಂಬ ಮಾತಿನಲ್ಲಿ. ಅವಧಿ ಮುಗಿಯುವ ಮೊದಲೇ ನವೀಕರಿಸಿದರೆ ಹಳೆಯ ತಿಂಗಳುಗಳಿಗೆ ಹೊಸ ತಿಂಗಳುಗಳು ಕೊಂಡಿಯ ಹಾಗೆ ಸೇರಿಕೊಳ್ಳುತ್ತವೆ. ನಡುವೆ ಬಿಟ್ಟುಹೋದರೆ ಸರಪಣಿ ತುಂಡಾಯಿತು. ಮತ್ತೆ ಹನ್ನೆರಡು ತಿಂಗಳು ಕಾಯಬೇಕು. ಕೆಲಸ ಹೋಗುವ ಸುಳಿವು ಸಿಕ್ಕ ಮೇಲೆ ಓಡಿಹೋಗಿ ಕಟ್ಟಿದರೆ ಪ್ರಯೋಜನವಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಕಂತಿನಲ್ಲಿ ಕಟ್ಟುವವರಿಗೆ ಇನ್ನೊಂದು ಅಪಾಯವಿದೆ. ಕಂತು ಬಾಕಿಯಾಗಿ ಮೂರು ತಿಂಗಳು ದಾಟಿದರೆ ವಿಮೆಯೇ ರದ್ದು, ಮೇಲೆ 200 ದಿರ್ಹಮ್ ದಂಡ. ವಿಮೆಯನ್ನೇ ಮಾಡಿಸದವರಿಗೆ 400. ದಂಡವನ್ನು ಕಟ್ಟದೆ ಬಿಟ್ಟರೆ ಹೊಸ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಸಂಬಳದಿಂದಲೋ ಗ್ರಾಚ್ಯುಟಿಯಿಂದಲೋ ಹಿಡಿದುಕೊಳ್ಳಲಿಕ್ಕೂ ಅವಕಾಶವಿದೆ. ಹೊಸ ಕಂಪನಿಯ ಆಫರ್ ಲೆಟರ್ ಕೈಯಲ್ಲಿ ಹಿಡಿದುಕೊಂಡು, ಹಳೆಯ ದಂಡಕ್ಕಾಗಿ ಪರ್ಮಿಟ್ ನಿಂತರೆ ಹೇಗಿರುತ್ತದೆ ಯೋಚಿಸಿ.

ಡಲ್ಲಾಸಿನಲ್ಲಿರುವ ನನ್ನ ಚಿಕ್ಕಮ್ಮನ ಮಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅವನು, "ನಮ್ಮಲ್ಲೂ ವರ್ಷ ಮುಗಿಯುವ ತಲೆನೋವು ಇದೆ, ಆದರೆ ಅದು ಬೇರೆ ಥರ" ಎಂದ. ಅಮೆರಿಕದಲ್ಲಿ ನೌಕರ ಮೊದಲೇ ಚಂದಾ ಮಾಡಿಸಬೇಕಾಗಿಲ್ಲ. ಬಹುಪಾಲು ರಾಜ್ಯಗಳಲ್ಲಿ ಕಂಪನಿ ಕಟ್ಟುವ ತೆರಿಗೆಯಿಂದಲೇ ನಿರುದ್ಯೋಗ ಭತ್ಯೆ ಬರುತ್ತದೆ. ಅರ್ಜಿ ಹಾಕಿದ ದಿನದಿಂದ 52 ವಾರ ಆ ಅರ್ಜಿಯ ವರ್ಷ. ಟೆಕ್ಸಸ್‌ನಂಥ ಕಡೆ ಅದರೊಳಗೆ ಹೆಚ್ಚೆಂದರೆ 26 ವಾರದ ಭತ್ಯೆ. ಇವನು ಹತ್ತು ವಾರ ಭತ್ಯೆ ಪಡೆದು ಒಂದು ಕೆಲಸಕ್ಕೆ ಸೇರಿದ. ಅದೂ ಹೋಯಿತು. ಉಳಿದ ವಾರಗಳು ಇವೆಯಲ್ಲ ಎಂದುಕೊಂಡರೆ, ಅಷ್ಟರಲ್ಲಿ 52 ವಾರ ಮುಗಿದಿತ್ತು. ಉಳಿದದ್ದು ಮುಂದಿನ ವರ್ಷಕ್ಕೆ ಬರುವುದಿಲ್ಲ. ಹೊಸ ಅರ್ಜಿಯನ್ನೇ ಹಾಕಿ, ನಡುವೆ ದುಡಿದ ಸಂಬಳದ ಲೆಕ್ಕ ಕೊಟ್ಟು, ಮತ್ತೆ ಅರ್ಹನೆಂದು ತೋರಿಸಬೇಕಾಯಿತು.

ಅಲ್ಲಿ ಮುಗಿಯುವುದು *ಪಡೆಯುವ* ವರ್ಷ, ಇಲ್ಲಿ ಮುಗಿಯುವುದು *ಕಟ್ಟುವ* ವರ್ಷ. ಅಲ್ಲಿಯವರಿಗೆ ಕೆಲಸ ಹೋದ ಮೇಲೆ ತಾರೀಕಿನ ಚಿಂತೆ. ನಮಗೆ ಕೆಲಸ ಇರುವಾಗಲೇ ಚಿಂತೆ ಮಾಡಬೇಕು. ಕೆಲಸ ಇರುವಾಗ ಇಂಥ ಚಿಂತೆ ಯಾರಿಗೆ ನೆನಪಾಗುತ್ತದೆ ಹೇಳಿ!

ಊರಿನಲ್ಲಿಯೂ ಇಂಥದ್ದೊಂದು ಇದೆ ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್, ಪೀಣ್ಯದ ಕಾರ್ಖಾನೆ ಮುಂತಾದ ಕಡೆ ದುಡಿದು ಇಎಸ್‌ಐ ಕಟ್ಟುವವರಿಗಾಗಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ 2018ರ ಜುಲೈ 1ರಂದು ಶುರುವಾಯಿತು. ಮೊದಲು ಸರಾಸರಿ ಸಂಬಳದ ಶೇಕಡಾ 25 ಇದ್ದದ್ದನ್ನು 2020ರಲ್ಲಿ ಶೇಕಡಾ 50ಕ್ಕೆ ಏರಿಸಿದರು. ಹೆಚ್ಚೆಂದರೆ 90 ದಿನ, ಅದೂ ಜೀವಮಾನದಲ್ಲಿ ಒಂದೇ ಸಲ ಎಂಬ ಲೆಕ್ಕ. ಊರಿನಲ್ಲಿ ತಮ್ಮನೋ ತಂಗಿಯೋ ಇಎಸ್‌ಐ ಇರುವ ಕಡೆ ಕೆಲಸದಲ್ಲಿದ್ದರೆ, ಹತ್ತಿರದ ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಲು ಹೇಳಿ.

ಕಾಗದದಲ್ಲಿ ಏನು ಬರೆದಿದೆ?

ವಿಮೆ ಸರಿಯಾಗಿದ್ದರೂ ಹಣ ತಪ್ಪಿಹೋಗುವ ಇನ್ನೊಂದು ದಾರಿ ಇದೆ. ಅದು ರಾಜೀನಾಮೆ.

ತಾನಾಗಿ ರಾಜೀನಾಮೆ ಕೊಟ್ಟವರಿಗೆ ಪರಿಹಾರವಿಲ್ಲ. ಶಿಸ್ತಿನ ಕಾರಣಕ್ಕೆ ವಜಾ ಆದವರಿಗೂ ಇಲ್ಲ. ಕೆಲಸಕ್ಕೆ ಬಾರದೆ ಓಡಿಹೋದನೆಂಬ ದೂರು ಮೇಲಿದ್ದರೂ ಇಲ್ಲ. ಕೆಲವು ಕಡೆ ಮ್ಯಾನೇಜರು ಕರೆದು, "ನೋಡಪ್ಪಾ, ಟರ್ಮಿನೇಶನ್ ಅಂತ ಬರೆದರೆ ನಿನಗೆ ಮುಂದೆ ಕೆಲಸ ಸಿಗುವುದು ಕಷ್ಟ. ರಾಜೀನಾಮೆ ಅಂತಲೇ ಬರೆದುಕೊಡು, ಮರ್ಯಾದೆಯಾಗಿ ಹೋಗಬಹುದು" ಎಂದು ಸಲಹೆ ಕೊಡುವುದುಂಟು. ಮಾತು ಮೃದುವಾಗಿಯೇ ಇರುತ್ತದೆ. ನಾವೂ ಮರ್ಯಾದೆಗೆ ಅಂಜುವವರು, ಸಹಿ ಹಾಕಿಬಿಡುತ್ತೇವೆ. ನನ್ನ ಪಕ್ಕದ ಫ್ಲಾಟಿನಲ್ಲಿರುವ ಬಂಟ್ವಾಳದ ಹುಡುಗನಿಗೂ ಹೀಗೇ ಹೇಳಿದ್ದರಂತೆ. ಅವನು, "ಸಾರ್, ನಾನಾಗಿ ಬಿಡುತ್ತಿಲ್ಲವಲ್ಲ, ನಡೆದದ್ದನ್ನೇ ಬರೆಯಿರಿ" ಎಂದು ನಯವಾಗಿ ಕೂತ. ಬರೆದುಕೊಟ್ಟರು. ಅವನ ಬೇಸಿಕ್ 4,500. ವಿಮೆಯ ಸರಪಣಿ ಎಲ್ಲೂ ತುಂಡಾಗಿರಲಿಲ್ಲ. ತಿಂಗಳಿಗೆ 2,700ರಂತೆ ಮೂರು ತಿಂಗಳೂ ಬಂತು. ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಬುದ್ಧಿಯಲ್ಲಿ ಮಾತ್ರ ದೊಡ್ಡವನು.

ಆದ್ದರಿಂದ ಸಹಿ ಹಾಕುವ ಮೊದಲು ಓದಿ. ಟರ್ಮಿನೇಶನ್ ಪತ್ರದಲ್ಲಿ, ವರ್ಕ್ ಪರ್ಮಿಟ್ ರದ್ದತಿಯ ಕಾಗದದಲ್ಲಿ ಕಾರಣ ಏನೆಂದು ಇದೆ, ಕೊನೆಯ ದಿನ ಯಾವುದೆಂದು ಇದೆ ನೋಡಿ. ಅರ್ಥವಾಗದಿದ್ದರೆ ಒಂದು ದಿನ ಸಮಯ ಕೇಳಿ, ಗೊತ್ತಿದ್ದವರಿಗೆ ತೋರಿಸಿ. ಅನ್ಯಾಯವೆನಿಸಿದರೆ ಮೊಹ್ರೆಯ 600590000 ಇದೆ. ನಮ್ಮ ಭಾರತೀಯ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 80046342 ಕೂಡ ಇದೆ. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಮೂವತ್ತು ದಿನದ ಗಡುವು

ಕೆಲಸದ ಸಂಬಂಧ ಮುಗಿದ ದಿನದಿಂದ 30 ದಿನಗಳೊಳಗೆ ಅರ್ಜಿ ಹಾಕಬೇಕು. ಕಾರ್ಮಿಕ ದೂರು ನಡೆಯುತ್ತಿದ್ದರೆ ಅದು ಇತ್ಯರ್ಥವಾದ ದಿನದಿಂದ ಲೆಕ್ಕ. ಕೆಲಸ ಹೋದ ಮೊದಲ ತಿಂಗಳು ಹೇಗಿರುತ್ತದೆಂದು ನನಗೆ ಗೊತ್ತು. ಬಯೋಡೇಟಾ ಕಳಿಸುವುದು, ಊರಿನ ಅಮ್ಮನಿಗೆ ಏನು ಹೇಳಲಿ ಎಂದು ಯೋಚಿಸುವುದು, ರಾತ್ರಿ ನಿದ್ದೆ ಬಾರದೆ ಬಾಲ್ಕನಿಯಲ್ಲಿ ನಿಂತು ಮೆಟ್ರೋ ಹೋಗುವುದನ್ನು ನೋಡುವುದು... ಮೂವತ್ತು ದಿನ ಹೋದದ್ದೇ ತಿಳಿಯುವುದಿಲ್ಲ. ಅದಕ್ಕೇ ಹೇಳುತ್ತೇನೆ, ಅರ್ಜಿಯ ಕೆಲಸವನ್ನು ಮೊದಲ ವಾರವೇ ಮುಗಿಸಿ. ಅರ್ಜಿ ಸರಿಯಿದ್ದರೆ ಎರಡು ವಾರದಲ್ಲಿ ಹಣ ಕೊಡಬೇಕೆಂಬುದು ನಿಯಮ.

ಹೊಸ ಕೆಲಸ ಸಿಕ್ಕಿದರೆ, ಅಥವಾ ದೇಶ ಬಿಟ್ಟು ಹೋದರೆ ಪರಿಹಾರ ನಿಲ್ಲುತ್ತದೆ. ಅರ್ಜಿದಾರ ಇಲ್ಲಿ ಕಾನೂನು ಪ್ರಕಾರ ಇರಬೇಕು. ಊರಿಗೆ ಹೋಗಿ ಅಡಿಕೆ ತೋಟ ನೋಡಿಕೊಂಡು ಇಲ್ಲಿಂದ ಮೂರು ತಿಂಗಳು ಹಣ ತರಿಸಿಕೊಳ್ಳೋಣ ಎಂದರೆ ಆಗುವುದಿಲ್ಲ. ವೀಸಾ ರದ್ದಾದ ಮೇಲೆ ಉಳಿಯಲು ಸಿಗುವ ದಿನಗಳು ವೀಸಾದ ಬಗೆಗೆ ತಕ್ಕಂತೆ ಬೇರೆ ಬೇರೆ. ನನಗೆ 60 ದಿನ ಇತ್ತು. ನಿಮ್ಮದು ಎಷ್ಟು ಎಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಹೆಂಡತಿ ಮಕ್ಕಳ ವೀಸಾ ನಿಮ್ಮ ಮೇಲೆಯೇ ಇದ್ದರೆ ಅದರ ಲೆಕ್ಕವನ್ನೂ ಸೇರಿಸಿ.

ಸುಳ್ಳು ದಾಖಲೆ ಕೊಟ್ಟು, ಅಥವಾ ಹೆಸರಿಗೆ ಮಾತ್ರ ಇರುವ ಸಂಸ್ಥೆಯ ಹೆಸರಿನಲ್ಲಿ ಹಣ ಕೇಳಿದರೆ ಶಿಕ್ಷೆಯಿದೆ. ಅಂಥ "ಐಡಿಯಾ" ಕೊಡುವವರಿಂದ ದೂರವಿರಿ. ಇಲ್ಲಿ ದುಡಿಯುವ ಇಡೀ ಕಾಲದಲ್ಲಿ ಒಟ್ಟು 12 ತಿಂಗಳ ಪರಿಹಾರ ಮಾತ್ರ ಸಿಗುತ್ತದೆ ಎಂಬುದೂ ನೆನಪಿರಲಿ. ಇದು ಗ್ರಾಚ್ಯುಟಿಗೆ ಬದಲಲ್ಲ. ಗ್ರಾಚ್ಯುಟಿ ನಿಮ್ಮ ದುಡಿಮೆಯ ಹಕ್ಕು, ಅದು ಬೇರೆಯಾಗಿ ಬರಬೇಕು.

ಇವತ್ತೇ ಮಾಡಬೇಕಾದದ್ದು

ಈ ಪತ್ರ ಓದಿ ಮುಗಿಸಿದ ಕೂಡಲೇ ಹತ್ತು ನಿಮಿಷ ಕೊಡಿ, ಸಾಕು.

1. ಐಎಲ್‌ಓಇ ವೆಬ್‌ಸೈಟ್ ಅಥವಾ ಆ್ಯಪ್ ತೆರೆದು, ಎಮಿರೇಟ್ಸ್ ಐಡಿ ನಂಬರು ಹಾಕಿ ಒಳಗೆ ಹೋಗಿ. ಮೊಹ್ರೆಯಲ್ಲಿ ನೋಂದಾಯಿತರಾದವರಿಗೆ ಒಂದು ಬಾಗಿಲು, ಫ್ರೀ ಝೋನ್ ಮುಂತಾಗಿ ಅಲ್ಲಿ ನೋಂದಣಿ ಇಲ್ಲದವರಿಗೆ ಇನ್ನೊಂದು. ಸರಿಯಾದ್ದನ್ನು ಆರಿಸಿ.

2. ಪ್ರಮಾಣಪತ್ರವನ್ನು ಇಳಿಸಿಕೊಂಡು ಶುರುವಿನ ಮತ್ತು ಕೊನೆಯ ತಾರೀಕು ನೋಡಿ. ನಿಮಗೇ ಒಂದು ಈಮೇಲ್ ಕಳಿಸಿಕೊಳ್ಳಿ. ಆಫೀಸಿನ ಈಮೇಲಿಗೆ ಬೇಡ. ಕೆಲಸ ಹೋದ ದಿನ ಅದು ಮೊದಲು ಮುಚ್ಚುತ್ತದೆ!

3. ನೋಂದಾಯಿಸಿದ ಮೊಬೈಲ್ ನಂಬರು ನಿಮ್ಮದೇ ಹೌದೇ ನೋಡಿ. ಅಲ್ಲವಾದರೆ ಬದಲಿಸಿ.

4. ಬೇಸಿಕ್ 16,000 ದಾಟಿದ್ದರೆ ವರ್ಗ ಸರಿಯಿದೆಯೇ ನೋಡಿ.

5. ಕೊನೆಯ ತಾರೀಕಿಗೆ ಒಂದು ತಿಂಗಳು ಮೊದಲೇ ನವೀಕರಿಸಿ. ಎರಡು ವರ್ಷದ್ದು ಒಟ್ಟಿಗೆ ಕಟ್ಟುವುದು ಇನ್ನೂ ಒಳ್ಳೆಯದು. ಮರೆಯುವ ಅವಕಾಶ ಅರ್ಧಕ್ಕೆ ಇಳಿಯುತ್ತದೆ.

6. ಸ್ವತಃ ಮಾಡಲು ಬಾರದಿದ್ದರೆ ಅಲ್ ಅನ್ಸಾರಿ ಎಕ್ಸ್‌ಚೇಂಜ್‌ನಂಥ ಕಡೆಗಳಲ್ಲಿ ಮಾಡಿಸಬಹುದು. ರಸೀದಿ ಮಾತ್ರವಲ್ಲ, ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ. ಸಂಶಯವಿದ್ದರೆ ಐಎಲ್‌ಓಇ ಸಹಾಯವಾಣಿ 600599555.

7. ಪತ್ನಿಯೂ ಕೆಲಸದಲ್ಲಿದ್ದರೆ ಅವರದ್ದು ಪ್ರತ್ಯೇಕ ವಿಮೆ. ಗಂಡನದ್ದು ಇದ್ದರೆ ಹೆಂಡತಿಗೂ ಆಯಿತು ಎಂದಲ್ಲ.

ಇನ್ನೊಂದು ವಿನಂತಿ. ನಮ್ಮ ಕಟ್ಟಡಗಳ ವಾಚ್‌ಮನ್, ಹೋಟೆಲಿನ ಹುಡುಗರು, ಲೇಬರ್ ಕ್ಯಾಂಪಿನಲ್ಲಿರುವ ನಮ್ಮ ಉತ್ತರ ಕರ್ನಾಟಕದ, ಕರಾವಳಿಯ ಸಹೋದರರು ಈಮೇಲ್ ಓದುವವರಲ್ಲ. ನಮ್ಮ ಈ ಪತ್ರ ಅವರನ್ನು ತಲುಪುವುದಿಲ್ಲ. ಬೇಸಿಕ್ 1,000 ದಿರ್ಹಮ್ ಇರುವವನಿಗೆ ತಿಂಗಳಿಗೆ 600 ಬಂದರೂ ಊರಿಗೆ ಸಾಲ ಮಾಡದೆ ಇನ್ನೊಂದು ಕೆಲಸ ಹುಡುಕುವ ಧೈರ್ಯ ಬರುತ್ತದೆ. ಮುಂದಿನ ಸಲ ಸಿಕ್ಕಾಗ "ಊಟ ಆಯ್ತಾ" ಎಂದು ಕೇಳುವ ಜೊತೆಗೆ "ನಿನ್ನ ಐಎಲ್‌ಓಇ ಯಾವಾಗ ಮುಗಿಯುತ್ತದೆ" ಎಂದೂ ಕೇಳಿ, ಅವರ ಮೊಬೈಲಿನಲ್ಲೇ ನೋಡಿ ಹೇಳಿ. ಸಂಘದ ಮುಂದಿನ ಕಾರ್ಯಕ್ರಮದಲ್ಲಿ ಇದಕ್ಕೆಂದೇ ಒಂದು ಮೇಜು ಹಾಕೋಣ ಎಂದು ನಾನು ಸಮಿತಿಯವರನ್ನು ಕೇಳಿಕೊಂಡಿದ್ದೇನೆ. ಮೇಜಿನ ಹಿಂದೆ ಕೂರಲು ನಾನು ತಯಾರು.

ನಾನು ಈಗ ಎರಡು ವರ್ಷದ್ದು ಮಾಡಿಸಿದ್ದೇನೆ. ನಮ್ಮ ಅಡುಗೆಮನೆಯಲ್ಲಿ ಊರಿಂದ ತಂದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ. ಏಕಾದಶಿ, ಸಂಕಷ್ಟಿಗಳನ್ನು ನೋಡಲು ನನ್ನಾಕೆ ದಿನಾ ಅದರ ಮುಂದೆ ನಿಲ್ಲುತ್ತಾಳೆ. ಹೊಸ ವರ್ಷದ ಕ್ಯಾಲೆಂಡರ್ ಬಂದ ಕೂಡಲೇ ಮೊದಲು ಅಮ್ಮನ ಔಷಧಿಯ ದುಡ್ಡು ಕಳಿಸುವ ದಿನ, ಮಗಳ ಫೀಸಿನ ದಿನಗಳನ್ನು ಗುರುತು ಹಾಕುವುದು ನಮ್ಮ ಪದ್ಧತಿ. ಈಗ ಅದರ ಜೊತೆಗೆ ಕೆಂಪು ಪೆನ್ನಿನಲ್ಲಿ ಇನ್ನೊಂದು ಗುರುತೂ ಸೇರಿದೆ. ಅದನ್ನು ಹಾಕುವುದು ಅವಳೇ. ನನ್ನ ಮೇಲೆ ಅವಳಿಗೆ ಈ ವಿಷಯದಲ್ಲಿ ನಂಬಿಕೆ ಇಲ್ಲ, ಇರಬೇಕಾಗಿಯೂ ಇಲ್ಲ!

ನಿಮ್ಮ ಕೆಲಸ ಚೆನ್ನಾಗಿರಲಿ, ಈ ವಿಮೆಯ ಹಣ ಕೇಳುವ ದಿನ ಯಾರಿಗೂ ಬಾರದಿರಲಿ. ಬಂದರೆ, ನಿಮ್ಮ ಹನ್ನೆರಡು ತಿಂಗಳು ತುಂಬಿರಲಿ.

ಸಿರಿಗನ್ನಡಂ ಗೆಲ್ಗೆ.